ಆಸ್ಪತ್ರೆಯಲ್ಲೇ ಅಂಟುವ ಸೋಂಕು: ನಮ್ಮ ಕಡೆ ಮಾತ್ರವಾ, ಎಲ್ಲ ಕಡೆಯೂ ಇದೆಯಾ?

ಪ್ರಶ್ನೆ: ನಮ್ಮ ಅಪ್ಪನಿಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ರಾಡ್ ಹಾಕಿದರು. ಮನೆಗೆ ಬಂದ ಮೇಲೆ ಹೊಲಿಗೆ ಹಾಕಿದ ಜಾಗದಲ್ಲಿ ಕೀವು ಕಾಣಿಸಿತು. ಈಗ ಮತ್ತೆ ಅಡ್ಮಿಟ್ ಮಾಡಿ, ಗಾಯ ತೊಳೆದು, ಆ್ಯಂಟಿಬಯೋಟಿಕ್ ಕೊಡುತ್ತಿದ್ದಾರೆ. ಇದು ಆಸ್ಪತ್ರೆಯಲ್ಲೇ ಬಂದ ಸೋಂಕು ಇರಬಹುದು ಅಂತ ಡಾಕ್ಟರೇ ಹೇಳಿದರು. ‘ಮಣಿಪಾಲಕ್ಕೋ ಬೆಂಗಳೂರಿಗೋ ಕರೆದುಕೊಂಡು ಹೋಗಿದ್ದರೆ ಹೀಗಾಗುತ್ತಿರಲಿಲ್ಲ’ ಅಂತ ನೆಂಟರು ಹೇಳುತ್ತಿದ್ದಾರೆ. ಇದು ನಮ್ಮ ಕಡೆ ಮಾತ್ರ ಆಗುವುದಾ? ಹೊರದೇಶಗಳಲ್ಲಿ ಎಷ್ಟು ಜನರಿಗೆ ಆಗುತ್ತದೆ? ಈಗ ನಾವು ಏನು ನೋಡಿಕೊಳ್ಳಬೇಕು?
ಹೊಸನಗರ ತಾಲೂಕಿನ ಓದುಗರು

ಉತ್ತರ: ಮೊದಲು ನಿಮ್ಮನ್ನು ಕೊರೆಯುತ್ತಿರುವ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ಇದು ನಮ್ಮ ಕಡೆ ಮಾತ್ರ ಆಗುವುದಲ್ಲ. ಜಗತ್ತಿನ ಯಾವ ದೇಶವೂ ಇದರಿಂದ ಪೂರ್ತಿ ಪಾರಾಗಿಲ್ಲ. ವಯಸ್ಸಾದವರ ಸೊಂಟದ ಮೂಳೆ ಮುರಿದರೆ ಆಪರೇಷನ್ ಒಂದೆರಡು ದಿನದೊಳಗೆ ಆಗುವುದು ಬಹಳ ಮುಖ್ಯ. ತಡವಾದಷ್ಟೂ ಜೀವಕ್ಕೆ ಅಪಾಯ ಜಾಸ್ತಿ. ಆ ಮಳೆಯಲ್ಲಿ, ಆ ನೋವಿನಲ್ಲಿ, ಅವರನ್ನು ಹುಲಿಕಲ್ ಘಾಟಿ ಇಳಿಸಿಕೊಂಡು ಹೋಗದೆ ಹತ್ತಿರದಲ್ಲೇ ಮಾಡಿಸಿದ್ದೀರಿ. ಅದು ಒಳ್ಳೆಯ ತೀರ್ಮಾನವೇ. ಅದಕ್ಕಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಈಗ ಲೆಕ್ಕಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಆಸ್ಪತ್ರೆ ಸೋಂಕುಗಳ ತಡೆ ಬಗ್ಗೆ ಮೊದಲ ಬಾರಿಗೆ ಇಡೀ ಜಗತ್ತಿನ ವರದಿ ಕೊಟ್ಟಿತು. ಅದರ ಪ್ರಕಾರ ಶ್ರೀಮಂತ ದೇಶಗಳಲ್ಲಿ ಆಸ್ಪತ್ರೆಗೆ ಸೇರಿದ ಪ್ರತಿ 100 ರೋಗಿಗಳಲ್ಲಿ 7 ಜನರಿಗೆ ಅಲ್ಲೇ ಒಂದಾದರೂ ಸೋಂಕು ತಗುಲುತ್ತದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 100ಕ್ಕೆ 15. ಭಾರತ ಈ ಎರಡನೇ ಗುಂಪಿನಲ್ಲಿ ಬರುತ್ತದೆ. ಹಾಗೆ ಸೋಂಕು ತಗುಲಿದ ಪ್ರತಿ 10 ಜನರಲ್ಲಿ ಸರಾಸರಿ ಒಬ್ಬರು ಅದರಿಂದ ಸಾಯುತ್ತಾರೆ. ಈ ಕೊನೆಯ ಸಂಖ್ಯೆ ಓದಿ ಗಾಬರಿ ಆಗಬೇಡಿ. ಅದರಲ್ಲಿ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದವರು, ತೂಕ ಕಡಿಮೆ ಇದ್ದ ಹಸುಗೂಸುಗಳು, ರಕ್ತಕ್ಕೇ ಸೋಂಕು ಏರಿದವರು ಎಲ್ಲ ಸೇರಿದ್ದಾರೆ. ಹೊಲಿಗೆಯ ಜಾಗದ ಕೀವನ್ನು ಬೇಗ ಗುರುತಿಸಿ ತೊಳೆದು ಚಿಕಿತ್ಸೆ ಕೊಡುತ್ತಿರುವ ನಿಮ್ಮ ತಂದೆಯವರ ಸ್ಥಿತಿ ಬೇರೆ.

ಅಮೆರಿಕದಲ್ಲಿ 2015ರಲ್ಲಿ ಎಣಿಸಿದಾಗ, ಯಾವುದೇ ಒಂದು ದಿನ ಆಸ್ಪತ್ರೆಯಲ್ಲಿರುವ 31 ರೋಗಿಗಳಲ್ಲಿ ಒಬ್ಬರಿಗೆ ಇಂಥ ಸೋಂಕು ಇತ್ತು. ಆ ಒಂದು ವರ್ಷದಲ್ಲಿ ಅಂದಾಜು 6.87 ಲಕ್ಷ ಸೋಂಕುಗಳು, 72,000 ಸಾವುಗಳು. ಅದು ಹಣಕ್ಕೂ ಯಂತ್ರಕ್ಕೂ ಕೊರತೆ ಇಲ್ಲದ ದೇಶದ ಲೆಕ್ಕ. ಯುರೋಪಿನಲ್ಲಿ 2022-23ರ ಸಮೀಕ್ಷೆಯಲ್ಲಿ ಒಂದು ದಿನದ ಎಣಿಕೆಯಲ್ಲೇ 100ಕ್ಕೆ 7 ರೋಗಿಗಳಿಗೆ ಸೋಂಕು ಸಿಕ್ಕಿತು. ವರ್ಷಕ್ಕೆ 43 ಲಕ್ಷ ರೋಗಿಗಳು ಅಂತ ಅಂದಾಜು. ಕೋವಿಡ್ ಬಂದಾಗ ಅಮೆರಿಕದ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಮೇಲೆ ಹೊರೆ ಹೆಚ್ಚಾಯಿತು. ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಗೆಯಿಂದ ಬರುವ ರಕ್ತದ ಸೋಂಕು 2020ರ ಕೊನೆಯ ಮೂರು ತಿಂಗಳಲ್ಲಿ ಹಿಂದಿನ ವರ್ಷಕ್ಕಿಂತ ಹೆಚ್ಚು ಕಡಿಮೆ ಅರ್ಧದಷ್ಟು ಏರಿಬಿಟ್ಟಿತು. ವರ್ಷಗಟ್ಟಲೆ ಕಷ್ಟಪಟ್ಟು ಇಳಿಸಿದ್ದು ಕೆಲವೇ ತಿಂಗಳಲ್ಲಿ ಮತ್ತೆ ಮೇಲೇರಿತು.

ಆಪರೇಷನ್ ಗಾಯದ ಸೋಂಕನ್ನೇ ಬೇರೆಯಾಗಿ ನೋಡಿದರೆ ಅಂತರ ಇನ್ನೂ ದೊಡ್ಡದು. ಅಮೆರಿಕದಲ್ಲಿ ಆಪರೇಷನ್ ಆದ 100 ಜನರಲ್ಲಿ 1ರಿಂದ 3 ಜನರಿಗೆ ಆಗುತ್ತದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 11 ಜನರಿಗೆ. ಆಫ್ರಿಕಾದ ಕೆಲವು ಕಡೆ ಸಿಸೇರಿಯನ್ ಆದ ತಾಯಂದಿರಲ್ಲಿ 100ಕ್ಕೆ 20ರವರೆಗೆ. ಅಲ್ಲಿ ಸಿಸೇರಿಯನ್ ಆದ ಐವರಲ್ಲಿ ಒಬ್ಬರು ಕೀವು ತುಂಬಿದ ಗಾಯ ಹೊತ್ತು ಮಗುವಿಗೆ ಹಾಲೂಡಿಸಬೇಕಾಗುತ್ತದೆ.

ಈ ಸಂಖ್ಯೆಗಳನ್ನು ಒಂದರ ಪಕ್ಕ ಒಂದು ಇಟ್ಟು ಸುಮ್ನೆ ಹೋಲಿಸಬೇಡಿ. ಕೆಲವು ಒಂದು ದಿನ ವಾರ್ಡು ವಾರ್ಡು ಸುತ್ತಿ ಎಣಿಸಿದ್ದು. ಕೆಲವು ರೋಗಿ ಸೇರಿದ ದಿನದಿಂದ ಕೊನೆಯವರೆಗೆ ಹಿಂಬಾಲಿಸಿ ಎಣಿಸಿದ್ದು. ಅದಕ್ಕಿಂತ ದೊಡ್ಡ ಸಂಗತಿ, ಎಣಿಸಿದವರ ಲೆಕ್ಕ ಮಾತ್ರ ನಮಗೆ ಸಿಗುತ್ತದೆ. ಎಣಿಸದ ಆಸ್ಪತ್ರೆಯ ಲೆಕ್ಕ ಯಾವಾಗಲೂ ಸೊನ್ನೆಯೇ ಅಲ್ವಾ?

ಆಸ್ಪತ್ರೆಗಳಲ್ಲಿ ಸೋಂಕು ತಡೆಯುವ ಕೆಲಸವನ್ನೇ ಮಾಡಿಕೊಂಡು ಬಂದವಳು ನಾನು. ‘ನಮ್ಮಲ್ಲಿ ಇನ್ಫೆಕ್ಷನ್ನೇ ಇಲ್ಲ’ ಅನ್ನುವ ಆಸ್ಪತ್ರೆಯ ಬಗ್ಗೆ ನನಗೆ ಹೆಚ್ಚು ಭಯ. ‘ಹೋದ ತಿಂಗಳು ಇಷ್ಟು ಆಪರೇಷನ್ ಆಯಿತು, ಇಷ್ಟು ಜನರಿಗೆ ಸೋಂಕಾಯಿತು, ಕಾರಣ ಹುಡುಕುತ್ತಿದ್ದೇವೆ’ ಅಂತ ಹೇಳುವ ಆಸ್ಪತ್ರೆಗೆ ನನ್ನ ಮನೆಯವರನ್ನು ಧೈರ್ಯವಾಗಿ ಸೇರಿಸುತ್ತೇನೆ. ಇದಕ್ಕೆ ಗಟ್ಟಿ ಆಧಾರ ಇದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ನೂರಾರು ಆಸ್ಪತ್ರೆಗಳನ್ನು ಸೇರಿಸಿ ಒಂದು ದೊಡ್ಡ ಅಧ್ಯಯನ ನಡೆಯಿತು. ಸೋಂಕುಗಳನ್ನು ಎಣಿಸುತ್ತಾ, ತಡೆಯಲು ತರಬೇತಿ ಪಡೆದ ಸಿಬ್ಬಂದಿ ಇಟ್ಟುಕೊಂಡು, ಆಪರೇಷನ್ ಮಾಡಿದ ಡಾಕ್ಟರಿಗೆ ಅವರವರ ಲೆಕ್ಕ ತಿಳಿಸುತ್ತಿದ್ದ ಆಸ್ಪತ್ರೆಗಳಲ್ಲಿ ಸೋಂಕು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಅಂಥ ವ್ಯವಸ್ಥೆ ಇಲ್ಲದ ಕಡೆ ಅದೇ ಅವಧಿಯಲ್ಲಿ 18 ಶೇಕಡಾ ಏರಿತು. ಯಾವ ಹೊಸ ಔಷಧಿಯೂ ಬಂದು ಇದನ್ನು ಮಾಡಲಿಲ್ಲ. ಎಣಿಸಿದರು, ಎಣಿಸಿದ್ದನ್ನು ಮುಚ್ಚಿಡಲಿಲ್ಲ.

ನಮ್ಮ ಮಲೆನಾಡಿನಲ್ಲಿ ಈ ಎಣಿಕೆ ಎಲ್ಲಿ ತಪ್ಪುತ್ತದೆ ಗೊತ್ತಾ? ಆಸ್ಪತ್ರೆಗೆ ಸೇರಿ 48 ಗಂಟೆ ಆದ ಮೇಲೆ ಶುರುವಾದ ಸೋಂಕನ್ನು ಸಾಮಾನ್ಯವಾಗಿ ಆಸ್ಪತ್ರೆಯ ಸೋಂಕು ಅಂತ ಹಿಡಿಯುತ್ತಾರೆ. ಆಪರೇಷನ್ ಗಾಯಕ್ಕೆ 30 ದಿನದವರೆಗೆ ಲೆಕ್ಕ. ರಾಡು, ಪ್ಲೇಟು, ಕೃತಕ ಕೀಲು ಹಾಕಿದ್ದರೆ 90 ದಿನದವರೆಗೆ. ಆದರೆ ರೋಗಿ ಕೆಲವೇ ದಿನಕ್ಕೆ ಡಿಸ್ಚಾರ್ಜ್ ಆಗಿ ಮನೆಗೆ ಬಂದಿರುತ್ತಾನೆ. ಗಾಯದಲ್ಲಿ ನೀರು ಜಿನುಗುತ್ತದೆ. ಮತ್ತೆ ಶಿವಮೊಗ್ಗಕ್ಕೆ ಹೋಗಬೇಕೆಂದರೆ ಕಾರು ಬಾಡಿಗೆಗೆ ಹಿಡಿಯಬೇಕು, ಒಂದು ದಿನದ ಕೆಲಸ ಬಿಡಬೇಕು. ಅದಕ್ಕೆ ರಿಪ್ಪನ್‌ಪೇಟೆಯಲ್ಲೋ ನಗರ ಎಂಬ ಊರಿನಲ್ಲೋ ಹತ್ತಿರದ ಡಾಕ್ಟರ ಹತ್ತಿರ ತೋರಿಸುತ್ತಾರೆ. ಅವರು ಡ್ರೆಸ್ಸಿಂಗ್ ಮಾಡಿ ಮಾತ್ರೆ ಕೊಡುತ್ತಾರೆ, ವಾಸಿಯೂ ಆಗುತ್ತದೆ. ಆಪರೇಷನ್ ಮಾಡಿದ ಆಸ್ಪತ್ರೆಗೆ ಮಾತ್ರ ಈ ಸುದ್ದಿ ತಲುಪುವುದೇ ಇಲ್ಲ. ಅವರ ಪುಸ್ತಕದಲ್ಲಿ ಅದು ಯಶಸ್ವಿ ಆಪರೇಷನ್, ಸೋಂಕು ಇಲ್ಲ! ಹೀಗೆ ಹತ್ತಾರು ಜನರಿಗೆ ಆದರೂ ಅಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ನೀವು ವಾಪಸ್ ಅದೇ ಆಸ್ಪತ್ರೆಗೆ ಹೋದದ್ದರಿಂದ ನಿಮ್ಮ ತಂದೆಗೆ ಮಾತ್ರವಲ್ಲ, ಮುಂದೆ ಅದೇ ಟೇಬಲ್ ಮೇಲೆ ಮಲಗುವವರಿಗೂ ಉಪಕಾರ ಆಗಿದೆ. ಹೋಗಲು ಆಗದಿದ್ದವರು ಒಂದು ಫೋನನ್ನಾದರೂ ಮಾಡಿ ಹೇಳಬೇಕು.

ಹಾಗಾದರೆ ಈ ಕ್ರಿಮಿ ಎಲ್ಲಿಂದ ಬಂತು? ಎಲ್ಲವೂ ಆಸ್ಪತ್ರೆಯ ಕೊಳಕಿನಿಂದಲೇ ಬರುತ್ತದೆ ಅನ್ನುವುದು ಪೂರ್ತಿ ನಿಜ ಅಲ್ಲ. ಗಾಯದ ಕೀವಿಗೆ ಬಹಳ ಸಲ ಕಾರಣವಾಗುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ನಮ್ಮಲ್ಲಿ ಮೂವರಲ್ಲಿ ಒಬ್ಬರ ಮೂಗಿನಲ್ಲಿ ಯಾವ ತೊಂದರೆಯೂ ಕೊಡದೆ ಇರುತ್ತದೆ. ಚರ್ಮ ಕೊಯ್ದಾಗ ಅದಕ್ಕೆ ಒಳಗೆ ಹೋಗಲು ದಾರಿ ಸಿಗುತ್ತದೆ. ಕೆಲವು ಸಲ ರೋಗಿಯ ಮೈಮೇಲಿನದ್ದೇ ಬರುತ್ತದೆ, ಕೆಲವು ಸಲ ಇನ್ನೊಬ್ಬ ರೋಗಿಯದ್ದು ಯಾರದೋ ಕೈ ಮೂಲಕ ಬರುತ್ತದೆ. ಡ್ರಿಪ್ ಸೂಜಿ, ಮೂತ್ರದ ಪೈಪು, ವೆಂಟಿಲೇಟರ್ ನಳಿಗೆ ಇವೆಲ್ಲ ಜೀವ ಉಳಿಸುವ ಸಾಧನಗಳೇ. ಆದರೆ ಕ್ರಿಮಿಗೂ ಅವು ದಾರಿ ಮಾಡಿಕೊಡುತ್ತವೆ. ನಮ್ಮ ಭಾಗದಲ್ಲಿ ಕೆಲವರು ಮಂಗನ ಕಾಯಿಲೆಯವರ ಪಕ್ಕದ ಬೆಡ್ ಕೊಟ್ಟರೆ ಹೆದರುತ್ತಾರೆ. ಅದು ಉಣ್ಣಿ ಕಚ್ಚಿ ಬರುವ ರೋಗ, ರೋಗಿಯಿಂದ ಪಕ್ಕದವರಿಗೆ ಹರಡುವುದಿಲ್ಲ. ತೊಳೆಯದ ಕೈ ಒಂದು ಬೆಡ್ಡಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದರೆ ಅದಕ್ಕೆ ಹೆದರಿ.

ಕೈಯ ವಿಷಯದಲ್ಲಿ ನಮಗೆ ಗೊತ್ತಿರುವುದು ಹೊಸದೇನಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್ ಇದ್ದರು. ಅಲ್ಲಿ ಎರಡು ವಿಭಾಗ. ಸೂಲಗಿತ್ತಿಯರು ನೋಡಿಕೊಳ್ಳುವ ಕಡೆಗಿಂತ ಡಾಕ್ಟರುಗಳು ನೋಡಿಕೊಳ್ಳುವ ಕಡೆ ಬಾಣಂತಿಯರು ಬಹಳ ಜಾಸ್ತಿ ಸಾಯುತ್ತಿದ್ದರು. ಡಾಕ್ಟರುಗಳು ಹೆಣ ಕೊಯ್ದು ಕಲಿತು, ಅದೇ ಕೈಯಲ್ಲಿ ಹೆರಿಗೆಗೆ ಬರುತ್ತಿದ್ದರು. ಸೆಮ್ಮೆಲ್‌ವೈಸ್ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಲೇಬೇಕು ಅಂತ ಮಾಡಿದರು. ಆ ವರ್ಷ ಏಪ್ರಿಲ್‌ನಲ್ಲಿ 100ಕ್ಕೆ 18ರಷ್ಟಿದ್ದ ಸಾವು ಕೆಲವೇ ತಿಂಗಳಲ್ಲಿ 2ರ ಹತ್ತಿರಕ್ಕೆ ಇಳಿಯಿತು. ಅವರಿಗೂ ಇದು ಹೊಳೆದದ್ದು ಎರಡು ವಿಭಾಗದ ಸಾವುಗಳ ಲೆಕ್ಕ ಇಟ್ಟಿದ್ದರಿಂದಲೇ. ಅದಾಗಿ ಸುಮಾರು ಒಂದೂವರೆ ಶತಮಾನದ ಮೇಲೆ, 1994ರಿಂದ ಜಿನೀವಾದ ದೊಡ್ಡ ಆಸ್ಪತ್ರೆಯೊಂದರಲ್ಲಿ ಪ್ರತಿ ಬೆಡ್ ಹತ್ತಿರ ಕೈಗೆ ಹಚ್ಚುವ ಸ್ಯಾನಿಟೈಸರ್ ಇಟ್ಟು, ಎಲ್ಲರಿಗೂ ಹೇಳಿಕೊಟ್ಟು ನೋಡಿದರು. ಕೈ ಶುಚಿ ಮಾಡಬೇಕಾದ ಕಡೆ ಮಾಡುವವರು 48 ಶೇಕಡಾದಿಂದ 66ಕ್ಕೆ ಏರಿದರು. ಆಸ್ಪತ್ರೆಯ ಸೋಂಕು 16.9 ಶೇಕಡಾದಿಂದ 9.9ಕ್ಕೆ ಇಳಿಯಿತು. ಪೂರ್ತಿ ನೂರು ಆಗಲಿಲ್ಲ, 66 ಆದದ್ದಕ್ಕೇ ಇಷ್ಟು ಫಲ!

ಕೈ ತೊಳೆಯದವರೆಲ್ಲ ಸೋಮಾರಿಗಳು ಅಂತ ತಿಳಿಯಬೇಡಿ. ಜಗತ್ತಿನ ಅರ್ಧದಷ್ಟು ಆರೋಗ್ಯ ಕೇಂದ್ರಗಳಲ್ಲಿ ರೋಗಿಯನ್ನು ನೋಡುವ ಜಾಗದಲ್ಲೂ ಶೌಚಾಲಯದಲ್ಲೂ ನೀರು-ಸೋಪು ಅಥವಾ ಸ್ಯಾನಿಟೈಸರ್ ಸರಿಯಾಗಿ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಹೇಳಿದವು. ಮಲೆನಾಡಿನಲ್ಲಿ ನೀರಿಗೇನು ಬರ ಅನ್ನಬಹುದು. ಆದರೆ ನಲ್ಲಿ ವಾರ್ಡಿನ ಆ ತುದಿಯಲ್ಲಿ ಒಂದೇ ಇದ್ದು, ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಇಡೀ ವಾರ್ಡು ನೋಡಬೇಕಾದರೆ, ಪ್ರತಿ ಬೆಡ್ಡಿಗೂ ಹೋಗಿ ಬಂದು ಕೈ ತೊಳೆಯುವುದು ಅವರ ಕೈಲಾಗದ ಮಾತು. ಬೆಡ್ ಪಕ್ಕದಲ್ಲೇ ಸ್ಯಾನಿಟೈಸರ್ ಬಾಟಲಿ ಇರಬೇಕು, ಖಾಲಿಯಾದಾಗ ತುಂಬುವವರು ಇರಬೇಕು. ಸಿಬ್ಬಂದಿ ಸಾಲದ ಕಡೆ ಸೋಂಕಿನ ಹೊಣೆಯನ್ನು ಒಬ್ಬ ನರ್ಸ್ ತಲೆಗೆ ಕಟ್ಟುವುದು ಅನ್ಯಾಯ.

ನಮ್ಮ ಮಳೆಗಾಲದ್ದೇ ಇನ್ನೊಂದು ಕಷ್ಟ ಇದೆ. ಆಪರೇಷನ್ ಉಪಕರಣ, ಬಟ್ಟೆಗಳನ್ನು ಆಟೋಕ್ಲೇವ್ ಯಂತ್ರದಲ್ಲಿ ಬಿಸಿ ಹಬೆಯಿಂದ ಶುದ್ಧ ಮಾಡುತ್ತಾರೆ. ಮಧ್ಯದಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಪೂರ್ತಿ ಸಮಯ ಇಡಬೇಕು, ಉಳಿದ ಹತ್ತು ನಿಮಿಷ ಇಟ್ಟರೆ ಸಾಲದು. ಹೊರಗೆ ಬಂದ ಗಂಟು ಒದ್ದೆ ಇದ್ದರೆ ಅದು ಶುದ್ಧ ಅಲ್ಲ ಅಂತಲೇ ಲೆಕ್ಕ, ಬಳಸುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ಬೆಡ್‌ಶೀಟ್ ಒಣಗಿಸುವುದೂ ಸುಲಭ ಅಲ್ಲ. ಬಟ್ಟೆ ಒಣಗಿಸುವ ಯಂತ್ರ, ಒಳ್ಳೆಯ ಜನರೇಟರ್ ಇವು ನಮ್ಮ ತಾಲೂಕು ಆಸ್ಪತ್ರೆಗಳಿಗೆ ಬೇಕೇ ಬೇಕಾದ ವಸ್ತುಗಳು. ದಾನ ಕೊಡಬೇಕೆನ್ನುವವರು ಗೋಡೆ ಗಡಿಯಾರ, ಕುರ್ಚಿ ಬಿಟ್ಟು ಇವನ್ನು ಕೇಳಿ ಕೊಡಲಿ.

ನೆಂಟರ ಮಾತಿಗೆ ಬರುತ್ತೇನೆ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಸೋಂಕು ಕಡಿಮೆ ಅನ್ನುವಂತಿಲ್ಲ. ಅಲ್ಲಿಗೆ ಬರುವವರು ಹೆಚ್ಚು ಕಾಯಿಲೆಯವರು, ಹೆಚ್ಚು ದಿನ ಇರುತ್ತಾರೆ, ಹೆಚ್ಚು ನಳಿಗೆ ಹಾಕಿಸಿಕೊಂಡಿರುತ್ತಾರೆ. ದೆಹಲಿಯ ಏಮ್ಸ್ ಮುಂದಾಳತ್ವದಲ್ಲಿ ನಮ್ಮ ದೇಶದ ಹಲವು ಆಸ್ಪತ್ರೆಗಳು ಸೇರಿ ಐಸಿಯು ಸೋಂಕುಗಳನ್ನು ಒಂದೇ ಅಳತೆಯಲ್ಲಿ ಎಣಿಸುತ್ತಿವೆ. 2022ರಲ್ಲಿ ಬಂದ ಅವರ ವರದಿಯಲ್ಲಿ 26 ಆಸ್ಪತ್ರೆಗಳ 89 ಐಸಿಯುಗಳ ಲೆಕ್ಕ ಇದೆ. ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್ ಎಂಬ, ಬಲವಾದ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾಗಳೇ ಅಲ್ಲಿನ ರಕ್ತದ ಸೋಂಕುಗಳಲ್ಲಿ ಹೆಚ್ಚು ಕಂಡವು. ದೆಹಲಿಯ ಹಸುಗೂಸುಗಳ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇವೇ ಎರಡು ಮುಂದಿದ್ದವು. ರಾಜಧಾನಿಯಲ್ಲೇ ಹೀಗಿರುವಾಗ ಊರಿನ ಹೆಸರು ನೋಡಿ ನಂಬುವುದರಲ್ಲಿ ಅರ್ಥ ಇಲ್ಲ. ಆ ಆಸ್ಪತ್ರೆಯಲ್ಲಿ ಸೋಂಕು ತಡೆಯುವ ಸಮಿತಿ ಇದೆಯಾ, ಅದಕ್ಕೆಂದೇ ಒಬ್ಬ ನರ್ಸ್ ಇದ್ದಾರಾ, ನಿಮಗೆ ಆಗಬೇಕಾದ ಆಪರೇಷನ್ನಿನಲ್ಲಿ ಅವರ ಸೋಂಕಿನ ಲೆಕ್ಕ ಎಷ್ಟು ಅಂತ ವಿನಯದಿಂದಲೇ ಕೇಳಿ. ಕೇಳುವುದು ರೋಗಿಯ ಹಕ್ಕು.

ಆಪರೇಷನ್ನಿಗೆ ಮುಂಚೆ ಮನೆಯವರು ಮಾಡಬಹುದಾದದ್ದೂ ಇದೆ. ನಿಮಗೆ ಆ ಹೊತ್ತು ಕಳೆದಿದೆ, ಬೇರೆ ಓದುಗರಿಗೆ ಉಪಯೋಗ ಆಗಲಿ ಅಂತ ಹೇಳುತ್ತೇನೆ. ಹಿಂದಿನ ದಿನ ಅಥವಾ ಅದೇ ದಿನ ಸೋಪು ಹಚ್ಚಿ ಸ್ನಾನ ಮಾಡಿಸಿ. ಬ್ಲೇಡಿನಿಂದ ಕೂದಲು ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ಕ್ರಿಮಿ ಬೆಳೆಯುತ್ತದೆ. ತೆಗೆಯಲೇಬೇಕಿದ್ದರೆ ಕ್ಲಿಪ್ಪರ್‌ನಿಂದ ಕತ್ತರಿಸುವುದು ಸರಿ. ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಡಬೇಕಾದದ್ದು ಕೊಯ್ಯುವುದಕ್ಕೆ ಮುಂಚಿನ ಎರಡು ಗಂಟೆಯೊಳಗೆ. ಸೋಂಕು ಇಲ್ಲದವರಿಗೆ ಆಪರೇಷನ್ ಆದ ಮೇಲೂ ದಿನಗಟ್ಟಲೆ ಕೊಟ್ಟರೆ ಹೆಚ್ಚಿನ ಲಾಭ ಇಲ್ಲ, ಔಷಧಿಗೆ ಬಗ್ಗದ ಕ್ರಿಮಿ ಬೆಳೆಸಿದಂತೆ ಆಗುತ್ತದೆ. ‘ಕಡಿಮೆ ಇಂಜೆಕ್ಷನ್ ಕೊಟ್ಟರು’ ಅಂತ ಡಾಕ್ಟರನ್ನು ದೂರಬೇಡಿ.

ನಿಮ್ಮ ತಂದೆಯವರ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸುವುದು ಊಟ ಮತ್ತು ಸಕ್ಕರೆ. ಆಪರೇಷನ್ ಆದವರಿಗೆ ನಮ್ಮ ಮನೆಗಳಲ್ಲಿ ಬದನೆಕಾಯಿ ನಂಜು, ಮೀನು ನಂಜು, ಮೊಟ್ಟೆ ನಂಜು, ಬೇಳೆಯೂ ಬೇಡ ಅಂತ ಒಂದೊಂದೇ ನಿಲ್ಲಿಸುತ್ತಾ ಕೊನೆಗೆ ಗಂಜಿ, ತಿಳಿಸಾರು ಮಾತ್ರ ಉಳಿಸುತ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ಗೊತ್ತು. ಆದರೆ ಗಾಯ ಕೂಡಲು ಪ್ರೋಟೀನ್ ಬೇಕು. ಮೊಟ್ಟೆ, ಮೀನು, ಬೇಳೆ, ಹೆಸರುಕಾಳು, ಮೊಸರು ಇವುಗಳಿಂದ ಕೀವು ಆಗುವುದಿಲ್ಲ. ಬರೀ ಗಂಜಿ ಕುಡಿಸಿದರೆ ಸಕ್ಕರೆ ಏರುತ್ತದೆ, ಶಕ್ತಿ ಇಳಿಯುತ್ತದೆ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಎಷ್ಟು ಪ್ರೋಟೀನ್ ಕೊಡಬಹುದು ಅಂತ ಡಾಕ್ಟರನ್ನು ಕೇಳಿ. ಗಾಯದ ಮೇಲೆ ಸೊಪ್ಪಿನ ರಸ, ಅರಿಶಿನ, ಎಣ್ಣೆ ಯಾವುದನ್ನೂ ಹಾಕಬೇಡಿ. ಒಳಗೆ ರಾಡ್ ಇರುವ ಗಾಯದಲ್ಲಿ ಆ ಪ್ರಯೋಗ ಬೇಡವೇ ಬೇಡ.

ಮೂತ್ರಕ್ಕೆ ಪೈಪ್ ಹಾಕಿದ್ದಾರಾ? ಹಾಕಿದ್ದರೆ ದಿನಾ ರೌಂಡ್ಸ್‌ಗೆ ಬಂದಾಗ ‘ಇದು ಇವತ್ತೂ ಬೇಕಾ ಸಾರ್?’ ಅಂತ ಕೇಳಿ. ಪೈಪ್ ಇದ್ದಷ್ಟು ದಿನ, ದಿನಕ್ಕೆ 100ರಲ್ಲಿ 3ರಿಂದ 7ರಷ್ಟು ಜನರ ಮೂತ್ರಕ್ಕೆ ಹೊಸದಾಗಿ ಕ್ರಿಮಿ ಸೇರುತ್ತದೆ. ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರಿಗೆ ತಿಂಗಳುಗಟ್ಟಲೆ ಪೈಪ್ ಬೇಕಾಗಬಹುದು, ಅದು ಬೇರೆ ವಿಷಯ. ಸೊಂಟದ ಆಪರೇಷನ್ ಆದ ಹೆಚ್ಚಿನವರಿಗೆ ಬೇಗ ತೆಗೆಯಬಹುದು. ಬ್ಯಾಗನ್ನು ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇಡಿ, ನೆಲಕ್ಕೆ ತಾಗಿಸಬೇಡಿ. ಡ್ರಿಪ್ ಸೂಜಿ ಹಾಕಿದ ಜಾಗ ಕೆಂಪಾದರೆ, ಊದಿಕೊಂಡರೆ ತಕ್ಷಣ ಸಿಸ್ಟರ್‌ಗೆ ತೋರಿಸಿ.

ನೋಡಲು ಬರುವವರನ್ನು ಕಡಿಮೆ ಮಾಡಿ. ಬಂದವರು ಬೆಡ್ ಮೇಲೆ ಕೂರುವುದು, ಬ್ಯಾಂಡೇಜ್ ಎತ್ತಿ ನೋಡುವುದು ಬೇಡ. ಕೆಮ್ಮು, ಜ್ವರ ಇದ್ದವರು ಫೋನಲ್ಲಿ ಮಾತಾಡಿದರೆ ಸಾಕು. ನೀವೇ ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಸೋಪಿನಿಂದ 40ರಿಂದ 60 ಸೆಕೆಂಡ್ ಕೈ ತೊಳೆಯಿರಿ, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್ ಸಾಕು. ಡಾಕ್ಟರೋ ನರ್ಸೋ ಕೈ ಶುಚಿ ಮಾಡದೆ ಡ್ರೆಸ್ಸಿಂಗ್ ಬಿಚ್ಚಲು ಬಂದರೆ ‘ಸ್ವಲ್ಪ ಸ್ಯಾನಿಟೈಸರ್ ಹಾಕಿಕೊಳ್ಳಿ ಮೇಡಂ’ ಅನ್ನಲು ಸಂಕೋಚ ಬೇಡ.

ಈಗ ಕೇಳಲೇಬೇಕಾದದ್ದು ಕಲ್ಚರ್ ರಿಪೋರ್ಟ್. ಗಾಯದಿಂದ ತೆಗೆದ ಕೀವಿನಲ್ಲಿ ಯಾವ ಬ್ಯಾಕ್ಟೀರಿಯಾ ಇದೆ, ಯಾವ ಔಷಧಿಗೆ ಬಗ್ಗುತ್ತದೆ ಅನ್ನುವುದು ಅದರಲ್ಲಿರುತ್ತದೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಜನ ಸತ್ತರು ಅಂತ ಅಂದಾಜಿದೆ. ಹಾಗಾಗಿ ಊಹೆಯ ಮೇಲೆ ಔಷಧಿ ಬದಲಿಸುತ್ತಾ ಹೋಗುವುದಕ್ಕಿಂತ ರಿಪೋರ್ಟ್ ನೋಡಿ ಕೊಡುವುದು ಒಳ್ಳೆಯದು. ಅದರ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ, ಬೇರೆ ಊರಿಗೆ ಹೋಗಬೇಕಾಗಿ ಬಂದರೆ ಅದು ಬಹಳ ಬೆಲೆಬಾಳುತ್ತದೆ. ರಾಡ್ ಇರುವುದರಿಂದ ಆ್ಯಂಟಿಬಯೋಟಿಕ್ ಕೆಲವು ವಾರಗಳೇ ಬೇಕಾಗಬಹುದು. ಕೀವು ನಿಂತಿತು, ಅಡಿಕೆ ಕೊಯ್ಲು ಬಂತು ಅಂತ ಮಧ್ಯದಲ್ಲಿ ಬಿಡಬೇಡಿ. ಮನೆಗೆ ಬಂದ ಮೇಲೆ ಜ್ವರ, ಚಳಿ, ಗಾಯದ ಸುತ್ತ ಕೆಂಪು ಹರಡುವುದು, ಕೆಟ್ಟ ವಾಸನೆ, ಕಾಲೂರಲು ಆಗದಷ್ಟು ಹೊಸ ನೋವು, ಮಾತಿನಲ್ಲಿ ಗೊಂದಲ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ. ಕೀವೆಲ್ಲ ನಿಂತು ಗಾಯ ಮುಚ್ಚಿದರೂ 90 ದಿನ ಆಗುವವರೆಗೆ ವಾರಕ್ಕೊಮ್ಮೆ ಹಗಲು ಬೆಳಕಿನಲ್ಲಿ ಆ ಜಾಗ ನೋಡಿ, ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಆ ಫೋಟೋಗಳನ್ನು ತಾರೀಕಿನ ಸಮೇತ ತೋರಿಸಿ.